ಮಾರಿದ ಮೇಲಿನ ಮಾತು

ಆಳಂದದ ಪೇಟೆಯಲ್ಲಿ ತೊಗರಿಬೇಳೆಯ ವ್ಯಾಪಾರ ಮಾಡಿಕೊಂಡಿರುವ ಹಿರಿಯರೊಬ್ಬರಿದ್ದಾರೆ. ತೊಗರಿಯಲ್ಲಿ ಕೇಸರಿಬೇಳೆಯ ಒಂದು ಕಾಳನ್ನೂ ಬೆರೆಸದವರೆಂದು ಸುತ್ತಣ ಹಳ್ಳಿಗಳಲ್ಲಿ ಅವರಿಗೆ ಹೆಸರು. ತೂಕದ ಕಲ್ಲುಗಳನ್ನು ವರ್ಷಕ್ಕೊಮ್ಮೆ ತಾವೇ ಕೊಂಡೊಯ್ದು ಮುದ್ರೆ ಹಾಕಿಸಿಕೊಂಡು ಬರುತ್ತಿದ್ದ ಕಾಲದಿಂದಲೂ ಈ ಹೆಸರು ಉಳಿದುಬಂದಿದೆ. ಇಂಥವರ ಬಾಳಿನಲ್ಲಿ ಒಂದು ಹಳೆಯ ಕಾರು ತಂದೊಡ್ಡಿದ ಧರ್ಮಸಂಕಟದ ಕಥೆಯಿದು.

2020ರ ಅಕ್ಟೋಬರ್ ತಿಂಗಳ ಮಧ್ಯದಲ್ಲಿ ಭೀಮೆಗೆ ಬಂದ ಮಹಾಪೂರವನ್ನು ಕಲಬುರಗಿ ಜಿಲ್ಲೆಯವರು ಮರೆತಿರಲಾರರು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು, ಮೇಲಿಂದ ಸುರಿದ ಮಳೆ, ಎರಡೂ ಕೂಡಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದೀತೀರದ ಊರುಗಳನ್ನು ನುಂಗಿದವು. ಆ ದಿನಗಳಲ್ಲಿ ಹಿರಿಯರ ಕಾರು ಅಫಜಲಪುರ ತಾಲ್ಲೂಕಿನ ತೀರದ ಹಳ್ಳಿಯಲ್ಲಿದ್ದ ಅವರ ಬೀಗರ ಮನೆಯ ಅಂಗಳದಲ್ಲಿ ನಿಂತಿತ್ತು. ಎರಡು ಹಗಲು, ಎರಡು ರಾತ್ರಿ ಅದರ ಗಾಲಿಗಳು ರಾಡಿನೀರಿನಲ್ಲಿ ಮುಳುಗಿದ್ದವು. ನೀರಿಳಿದ ಮೇಲೆ ಕಾರನ್ನು ಎಳೆಸಿ ತಂದು, ತೊಳೆಸಿ, ಎಣ್ಣೆ ಬದಲಿಸಿದ್ದಾಯಿತು. ಅದು ಮೊದಲಿನಂತೆಯೇ ಓಡತೊಡಗಿತು.

ಆದರೆ ಮಿಸ್ತ್ರಿಯು ಕಾರಿನ ಅಡಿಯಿಂದ ಎದ್ದುಬಂದು ಒಂದು ಮಾತು ಹೇಳಿದ್ದ. ಮುಂಗಾಲಿಗಳಿಗೆ ಇಂಜಿನ್ನಿನ ಬಲವನ್ನು ಒಯ್ಯುವ ಉಕ್ಕಿನ ದಂಡಕ್ಕೆ ಡ್ರೈವ್‌ಶಾಫ್ಟ್ ಎಂದು ಹೆಸರು. ಅದರ ತುದಿಯ ಕೀಲುಗಳನ್ನು ರಬ್ಬರಿನ ಚೀಲವೊಂದು ಮುಚ್ಚಿರುತ್ತದೆ. ಒಳಗೆ ಗ್ರೀಸು ತುಂಬಿರುತ್ತದೆ. ಚೀಲ ಹರಿದರೆ ನೀರು, ಮರಳು ಒಳಹೊಕ್ಕು ಗ್ರೀಸು ಕೆಡುತ್ತದೆ, ಕೀಲು ಸವೆಯುತ್ತದೆ, ತಿರುವಿನಲ್ಲಿ ಟಕಟಕ ಸದ್ದು ಕೇಳುತ್ತದೆ. ಈ ಕಾರಿನ ಎರಡೂ ಚೀಲಗಳು ಹರಿದಿದ್ದವು. ದಂಡದ ಮೇಲಿನ ಬಣ್ಣ ಸುಲಿದು ತುಕ್ಕು ಹಿಡಿಯತೊಡಗಿತ್ತು. ಬದಲಿಸುವುದು ಒಳ್ಳೆಯದೆಂದು ಮಿಸ್ತ್ರಿಯ ಸಲಹೆ. ಹಿರಿಯರು ಬದಲಿಸಲಿಲ್ಲ, ನವೆಂಬರ್ ಕೊನೆಯಲ್ಲಿ ಅಫಜಲಪುರದ ಶಾಲಾ ಮಾಸ್ತರರೊಬ್ಬರಿಗೆ ಕಾರನ್ನು ಮಾರಿದರು.

ಆ ವ್ಯವಹಾರ ಅಂಗಡಿಯ ಗಾದಿಯ ಮೇಲೆಯೇ ಕುದುರಿತು. ಮಾಸ್ತರರು ಪೇಟೆಯಲ್ಲಿ ಒಂದು ಸುತ್ತು ಕಾರನ್ನು ಓಡಿಸಿ ನೋಡಿ ಬಂದು, ಹಣ ಎಣಿಸಿಡುವ ಮುನ್ನ ಕೇಳಿದರು: “ಮತ್ತೇನೂ ತ್ರಾಸ ಇಲ್ಲಲ್ರೀ ಸಾವಕಾರ್ರ?” ಹಿರಿಯರು ಗುಮಾಸ್ತನ ಕಡೆಗೆ ತಿರುಗಿ, ಮಾಸ್ತರರಿಗೆ ಚಹಾ ತರಿಸುವಂತೆ ಹೇಳಿದರು. ಅವರು ಸುಳ್ಳನ್ನೇನೂ ಆಡಲಿಲ್ಲ.

ಡಿಸೆಂಬರ್‌ನಲ್ಲಿ ಪುಣೆಯಲ್ಲಿರುವ ಮಗ ಫೋನಿನಲ್ಲಿ ಮಾತನಾಡುತ್ತಾ ಒಂದು ಸುದ್ದಿ ತಿಳಿಸಿದ. ಹೋಂಡಾ ಕಂಪನಿಯು ಅಮೆರಿಕೆಯಲ್ಲಿ ತನ್ನ ನಾಲ್ಕು ಲಕ್ಷಕ್ಕೂ ಮಿಕ್ಕ ಕಾರುಗಳನ್ನು ಡ್ರೈವ್‌ಶಾಫ್ಟಿನ ದೋಷಕ್ಕಾಗಿ ಹಿಂದಕ್ಕೆ ಕರೆಯುತ್ತಿದೆ ಎಂಬುದೇ ಆ ಸುದ್ದಿ. ಅಲ್ಲಿ ಚಳಿಗಾಲದಲ್ಲಿ ಮಂಜುಗಡ್ಡೆ ಕರಗಲೆಂದು ರಸ್ತೆಗೆ ಉಪ್ಪು ಹರಡುತ್ತಾರೆ. ರಕ್ಷಕ ಲೇಪನ ಸರಿಯಾಗಿ ಬೀಳದ ದಂಡಗಳನ್ನು ಆ ಉಪ್ಪು ತಿಂದು ಮುರಿಯುವ ಸಂಭವವಿತ್ತು. ಹಾಗೆ ಕರೆಸಿಕೊಂಡವುಗಳಲ್ಲಿ 2007ರಿಂದ 2014ರವರೆಗಿನ ಫಿಟ್ ಕಾರುಗಳೂ ಇದ್ದವು; ನಮ್ಮ ದೇಶದಲ್ಲಿ ಜಾಝ್ ಎಂಬ ಹೆಸರಿನಲ್ಲಿ ಮಾರಾಟವಾದದ್ದು ಇದೇ ಕಾರು. ಅದೇ ವರ್ಷ ನಮ್ಮವರೇ ಆದ ರಾಯಲ್ ಎನ್‌ಫೀಲ್ಡ್ ಕಂಪನಿಯೂ ಬ್ರಿಟನ್, ಯುರೋಪು, ದಕ್ಷಿಣ ಕೊರಿಯಾಗಳಲ್ಲಿ ಮಾರಿದ್ದ ಸುಮಾರು 15,200 ಮೋಟಾರ್‌ಸೈಕಲ್ಲುಗಳನ್ನು ಇಂಥದೇ ಉಪ್ಪಿನಿಂದ ಬ್ರೇಕಿನ ಭಾಗಗಳಿಗೆ ತುಕ್ಕು ಹಿಡಿಯುವುದೆಂದು ಕರೆಸಿಕೊಂಡಿತ್ತು. ಮಗನಿಗೆ ಇದು ಉದ್ಯೋಗದ ಸುದ್ದಿ. ತಂದೆಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಹದಿಮೂರು ವರ್ಷಗಳ ಹಿಂದೆ ಮಾರಿದ ಕಾರಿಗೂ ಮಾರಿದವರು ಬಾಧ್ಯರಾಗಿ ನಿಲ್ಲುತ್ತಾರೆ. ತಾವು ಮಾರಿ ತಿಂಗಳೂ ಕಳೆದಿಲ್ಲ.

ಕಲಬುರಗಿಯ ವಕೀಲ ಮಿತ್ರರೊಬ್ಬರನ್ನು ಅವರು ವಿಚಾರಿಸಿದರು. ವಕೀಲರು 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಪ್ರಕರಣವನ್ನು ತೆರೆದು ಕುದುರೆಯ ದೃಷ್ಟಾಂತವನ್ನು ವಿವರಿಸಿದರು. ಒಬ್ಬನು ದೋಷವುಳ್ಳ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ. ದೋಷ ಅವನಿಗೆ ಗೊತ್ತು. ಆದರೆ ಏನನ್ನೂ ಹೇಳುವುದಿಲ್ಲ. ಅದು ವಂಚನೆಯಲ್ಲ. ಕೊಳ್ಳುವವಳು ಆಗತಾನೇ ಪ್ರಾಯಕ್ಕೆ ಬಂದ ಅವನ ಮಗಳಾಗಿದ್ದರೆ ಹೇಳುವುದು ಅವನ ಕರ್ತವ್ಯ. ಇಷ್ಟು ಕೇಳಿ ಹಿರಿಯರಿಗೆ ಸಮಾಧಾನವಾಗುವುದರಲ್ಲಿತ್ತು. ವಕೀಲರು ಮೂರನೆಯ ದೃಷ್ಟಾಂತಕ್ಕೆ ಬಂದರು: ನೀನು ಅಲ್ಲವೆನ್ನದಿದ್ದರೆ ಕುದುರೆ ನಿರ್ದೋಷವೆಂದೇ ತಿಳಿಯುವೆನೆಂದು ಕೊಳ್ಳುವವನು ಹೇಳಿದಾಗ, ಮಾರುವವನು ಸುಮ್ಮನಿದ್ದರೆ ಆ ಮೌನ ಮಾತಿಗೆ ಸಮಾನ. ಹಿರಿಯರಿಗೆ ಗಾದಿಯ ಮೇಲಿನ ಚಹಾ ನೆನಪಾಯಿತು.

ಕಾರು ತಯಾರಿಸುವವರ ಹೊಣೆಯ ವಿಷಯದಲ್ಲಿ ನಮ್ಮ ದೇಶವೂ ನಿಧಾನವಾಗಿಯಾದರೂ ಮುಂದೆ ಬಂದಿದೆ ಎನ್ನಬೇಕು. 2012ರಲ್ಲಿ ತಯಾರಕರ ಸಂಘ ತನ್ನಷ್ಟಕ್ಕೆ ಒಂದು ಸಂಹಿತೆಯನ್ನು ಮಾಡಿಕೊಂಡಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 110ಎ ಪ್ರಕರಣ ಸೇರಿತು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ ಏಳು ವರ್ಷದೊಳಗಿನ ವಾಹನಗಳನ್ನು ಸರ್ಕಾರ ಕಡ್ಡಾಯವಾಗಿ ಹಿಂದಕ್ಕೆ ಕರೆಸಬಲ್ಲದು. ದಂಡ ಹತ್ತು ಲಕ್ಷದಿಂದ ಒಂದು ಕೋಟಿ ರೂಪಾಯಿಯವರೆಗೆ. ದೋಷವನ್ನು ತಾನಾಗಿಯೇ ತಿಳಿಸಿ ಮುಂದೆ ಬಂದ ತಯಾರಕನಿಗೆ ಆ ದಂಡವಿಲ್ಲ. ಒಬ್ಬ ಗೃಹಸ್ಥನು ಮತ್ತೊಬ್ಬನಿಗೆ ಮಾರಿದ ಹಳೆಯ ಕಾರನ್ನು ಕರೆಸಲು ಮಾತ್ರ ಯಾವ ಕಚೇರಿಯಿಂದಲೂ ಪತ್ರ ಬರುವುದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಹಿರಿಯರು ಬಸ್ಸು ಹತ್ತಿ ಅಫಜಲಪುರಕ್ಕೆ ಹೋದರು. ಮಾಸ್ತರರ ಮನೆಯಲ್ಲಿ ಕಾರಿರಲಿಲ್ಲ. ಅದನ್ನು ಅವರು ಕೊಂಡ ಬೆಲೆಗೇ ಜೇವರ್ಗಿಯಲ್ಲಿರುವ ಅಕ್ಕನ ಮಗನಿಗೆ ಕೊಟ್ಟಿದ್ದರು. ಆತನ ತಾಯಿಗೆ ಮೂತ್ರಪಿಂಡದ ವ್ಯಾಧಿ. ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ಕಲಬುರಗಿಗೆ ಹೋಗಬೇಕು. ಸಂಗತಿಯನ್ನು ಕೇಳಿದ ಮಾಸ್ತರರ ಮುಖ ಕಪ್ಪಿಟ್ಟಿತು. ಅವರು ಸಿಟ್ಟಿಗೇಳಲಿಲ್ಲ, ಕೈಹಿಡಿದು ಬೇಡಿಕೊಂಡರು. ತಾವೇ ಮುಂದಿನ ವಾರ ಹೇಗಾದರೂ ರಿಪೇರಿ ಮಾಡಿಸುವುದಾಗಿಯೂ, ಅಳಿಯನಿಗೆ ಮಾತ್ರ ಹೇಳಬಾರದೆಂದೂ ಕೇಳಿಕೊಂಡರು. ಸೋದರಮಾವನೇ ನೀರು ಹೊಕ್ಕ ಕಾರನ್ನು ತಲೆಗೆ ಕಟ್ಟಿದನೆಂಬ ಮಾತು ಮನೆತನದಲ್ಲಿ ಉಳಿದುಬಿಡುತ್ತದೆ ಎಂಬುದು ಅವರ ಅಳಲು. ಅದು ಸುಳ್ಳು ಅಳಲೇನಲ್ಲ. ತಮ್ಮ ಮೌನದ ಭಾರ ಈಗ ನಿರಪರಾಧಿಯಾದ ಇನ್ನೊಬ್ಬರ ಹೆಗಲಿಗೇರಿರುವುದನ್ನು ಹಿರಿಯರು ಕಂಡರು. ಆದರೆ ಮುಂದಿನ ವಾರದೊಳಗೆ ಆ ತಾಯಿ ಎರಡು ಸಲ ಭೀಮೆಯ ಸೇತುವೆಯನ್ನು ದಾಟಿ ಹೋಗಿ ಬರಬೇಕಾಗಿತ್ತು. “ನಿಮ್ಮ ಹೆಸರು ಕೆಡದಂಗ ಹೇಳ್ತೀನ್ರಿ, ಹೇಳದಂಗ ಇರೂದು ಆಗೂದಿಲ್ಲ” ಎಂದಷ್ಟೇ ನುಡಿದು ಎದ್ದರು. ಮಾಸ್ತರರು ಬಾಗಿಲವರೆಗೂ ಬಂದು ಕಳಿಸಲಿಲ್ಲ.

ಜೇವರ್ಗಿ ತಲುಪಿದಾಗ ಮಧ್ಯಾಹ್ನ ಮೀರಿತ್ತು. ಅದು ಆಸ್ಪತ್ರೆಯ ದಿನವೇ ಆಗಿತ್ತು. ಮನೆಗೆ ಬೀಗ ಬಿದ್ದಿತ್ತು. ಪಕ್ಕದ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಹಿರಿಯರು ಕಾಯುತ್ತ ಕುಳಿತರು. ಆ ನಾಲ್ಕೈದು ಗಂಟೆಗಳ ವಿಷಯವನ್ನು ಅವರು ಮುಂದೆ ಯಾರೊಡನೆಯೂ ಹೆಚ್ಚಾಗಿ ಆಡಿದ್ದಿಲ್ಲ. ಹೊತ್ತು ಮುಳುಗಿದ್ದರಿಂದ ಅಂದು ಅವರಿಗೆ ಊಟವೂ ಇಲ್ಲವಾಯಿತು. ಕತ್ತಲಾದ ಮೇಲೆ ಓಣಿಯ ತಿರುವಿನಲ್ಲಿ ಟಕಟಕ ಸದ್ದು ಕೇಳಿಸಿತು. ಕಾರನ್ನು ಕಣ್ಣಿನಿಂದ ಕಾಣುವ ಮೊದಲೇ ಅವರು ಗುರುತು ಹಿಡಿದರು.

ತರುಣನಿಗೆ ಮೊದಲು ಬಂದದ್ದು ಸಂಶಯ. ಈ ವಯಸ್ಸಿನಲ್ಲಿ ಆಳಂದದಿಂದ ಇಲ್ಲಿಯವರೆಗೆ ಬಂದಿರುವರೆಂದರೆ ಕಾಗದಪತ್ರದಲ್ಲಿ ಏನೋ ತಕರಾರಿರಬೇಕು, ಹಣ ಕೇಳುತ್ತಾರೆ ಎಂದುಕೊಂಡ. ವಿಷಯ ತಿಳಿದ ಮೇಲೆ ಬಂದದ್ದು ಸಿಟ್ಟು. “ಎರಡು ತಿಂಗಳಿಂದ ನಮ್ಮವ್ವನ್ನ ಇದರಾಗ ಕೂಡಿಸ್ಕೊಂಡು ತಿರುಗೀನ್ರಿ” ಎಂದ. ಹಿರಿಯರು ಅದಕ್ಕೆ ಉತ್ತರ ಕೊಡಲಿಲ್ಲ. ಮಾಸ್ತರರಿಗೆ ಏನೂ ತಿಳಿದಿರಲಿಲ್ಲವೆಂಬುದನ್ನು ಮಾತ್ರ ಎರಡು ಬಾರಿ ಒತ್ತಿ ಹೇಳಿದರು. ಹಿಂದಿನ ಸೀಟಿನಲ್ಲಿ ಒರಗಿದ್ದ ತಾಯಿ, ಬಂದವರನ್ನು ಒಳಗೆ ಕರೆಯಬಾರದೇ ಎಂದು ಮಗನನ್ನು ಗದರಿಸಿದಳು.

ಮರುದಿನ ಕಾರನ್ನು ಮೆಲ್ಲನೆ ಊರಿನ ಗ್ಯಾರೇಜಿಗೆ ಒಯ್ದರು. ಹೊಸ ಭಾಗಗಳು ಕಲಬುರಗಿಯಿಂದ ಬರುವವರೆಗೆ ತಾಯಿಯ ಪ್ರಯಾಣಕ್ಕೆ ಬಾಡಿಗೆಯ ಗಾಡಿ. ಅದರ ಖರ್ಚೂ ಹಿರಿಯರದೇ. ಮಿಸ್ತ್ರಿ ಹಳೆಯ ದಂಡಗಳನ್ನು ಬಿಚ್ಚಿ ನೆಲಕ್ಕೆ ಹಾಕಿದ. ಕೀಲಿನಿಂದ ಗ್ರೀಸಿನ ಬದಲು ಕೆಂಪು ರಾಡಿ ಹೊರಬಂತು. ಬಲಗಡೆಯ ದಂಡದ ತುದಿಯಲ್ಲಿ ತುಕ್ಕು ಪದರುಪದರಾಗಿ ಏಳುತ್ತಿತ್ತು. ಇನ್ನೆಷ್ಟು ದಿನ ಬಾಳುತ್ತಿತ್ತೆಂದು ತರುಣ ಕೇಳಿದ. ಅದನ್ನು ಹೇಳಲಾಗದೆಂದ ಮಿಸ್ತ್ರಿ.

ಕೆಲಸ ಮುಗಿದು, ಹಣ ಸಂದಾಯವಾದ ಮೇಲೆ ತರುಣ ಹಿರಿಯರ ಕಡೆಗೆ ತಿರುಗಿದ. ಅವನ ದನಿಯಲ್ಲಿ ಸಿಟ್ಟು ಇನ್ನೂ ಪೂರ್ತಿ ಆರಿರಲಿಲ್ಲ. “ಮತ್ತೇನಾರ ಅದ ಏನ್ರೀ ಅಪ್ಪಾವರ?”

ಹಿರಿಯರು ಅಲ್ಲಿಯೇ ಇದ್ದ ಸ್ಟೂಲಿನ ಮೇಲೆ ಕುಳಿತರು. ಕಾಲಡಿಯ ಹಾಸಿನ ಕೆಳಗೂ ನೀರು ನಿಂತಿತ್ತೆಂದರು; ಅಲ್ಲಿ ಹಾದುಹೋಗುವ ವೈರುಗಳ ಜೋಡಣೆಗಳನ್ನು ಬಿಚ್ಚಿ ನೋಡಿಸಬೇಕೆಂದರು. ಹಿಂದಿನ ಬ್ರೇಕಿನ ಡ್ರಮ್ಮುಗಳನ್ನು ತೆಗೆಸಿಯೇ ಇಲ್ಲವೆಂದರು. ಪೂರಕ್ಕೆ ಒಂದು ವರ್ಷ ಮೊದಲು ಎಡಗಡೆಯ ಬಾಗಿಲು ಕಂಬಕ್ಕೆ ತಾಗಿ ನೆಗ್ಗಿದ್ದನ್ನು ತಟ್ಟಿಸಿ ಬಣ್ಣ ಹೊಡೆಸಿದ್ದನ್ನೂ ಹೇಳಿದರು. ತರುಣ ಮಿಸ್ತ್ರಿಯ ಕೈಯಿಂದ ಪೆನ್ಸಿಲು ಇಸಿದುಕೊಂಡು, ಬಿಲ್ಲಿನ ಹಿಂಬದಿಯಲ್ಲಿ ಒಂದೊಂದನ್ನೇ ಬರೆದುಕೊಳ್ಳತೊಡಗಿದ.