ಕಡುಬಿಗೆ ವ್ಯಂಜನ

ನಮ್ಮ ಕಡೆ ಬೆಳಗಿನ ಹೊತ್ತು ಪರಿಚಿತರಿಬ್ಬರು ಎದುರಾದರೆ ಮೊದಲು ಮಳೆಯ ಮಾತು ಬರುತ್ತದೆ, ಆಮೇಲೆ ಕಾಫಿಯ ಧಾರಣೆ, ಮೂರನೆಯದಾಗಿ ತಿಂಡಿ. "ತಿಂಡಿ ಆಯ್ತಾ?" "ಆಯ್ತು, ಕಡುಬು." ಮಾತು ಇಷ್ಟಕ್ಕೇ ನಿಲ್ಲುವುದಿಲ್ಲ. "ಕಡುಬಿಗೆ ಏನು?" ಎಂಬ ಪ್ರಶ್ನೆ ಅದರ ಬೆನ್ನ ಹಿಂದೆಯೇ ಬರುತ್ತದೆ. ಬೇರೆ ಸೀಮೆಯವರಿಗೆ ಇದು ಕ್ಷುಲ್ಲಕವಾಗಿ ತೋರೀತು. ಆದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಈ ಬೆಟ್ಟದ ಸೀಮೆಯಲ್ಲಿ ಅದಕ್ಕೆ ಬರುವ ಉತ್ತರದಿಂದ ಆ ಮನುಷ್ಯನ ಊರು, ಮನೆತನ, ಆ ವಾರ ಸುರಿದ ಮಳೆ, ಮನೆಗೆ ನೆಂಟರು ಬಂದಿದ್ದಾರೆಯೇ ಇಲ್ಲವೇ ಎಂಬುದು, ಎಲ್ಲವನ್ನೂ ಊಹಿಸಬಹುದು. ಜಾತಕ ತರಿಸಿ ನೋಡಬೇಕಾದ್ದಿಲ್ಲ.

ಕಡುಬನ್ನು ಕಾಣದವರಿಗೆ ಅದನ್ನು ವರ್ಣಿಸುವುದು ಕಷ್ಟ; ಏಕೆಂದರೆ ವರ್ಣಿಸಲು ಅದರಲ್ಲಿ ಹೆಚ್ಚೇನೂ ಇಲ್ಲ. ಅಕ್ಕಿಯನ್ನು ತೊಳೆದು, ನೆರಳಿನಲ್ಲಿ ಆರಿಸಿ, ತರಿಯಾಗಿ ಒಡೆದುಕೊಳ್ಳಬೇಕು. ಉಪ್ಪು ಹಾಕಿ ಕುದಿಸಿದ ನೀರಿಗೆ ಆ ತರಿಯನ್ನು ಸುರಿದು, ಗಂಟು ಕಟ್ಟದಂತೆ ತೊಳಸಿ, ಗಟ್ಟಿಯಾದ ಮೇಲೆ ಇಳಿಸಬೇಕು. ಕೈ ತಾಳುವಷ್ಟು ಆರಿದಾಗ ಅಂಗೈಗೆ ನೀರು ಸವರಿಕೊಂಡು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದರೆ ಆಯಿತು. ನಮ್ಮವ್ವ ಪ್ರತಿಯೊಂದು ಉಂಡೆಗೂ ಹೆಬ್ಬೆರಳಿನಿಂದ ಒಂದು ಗುಳಿ ಒತ್ತುತ್ತಾಳೆ. ಏಕೆಂದು ಚಿಕ್ಕಂದಿನಲ್ಲಿ ಕೇಳಿದ್ದೆ. "ಸಾರು ನಿಲ್ಲಕ್ಕೆ ಜಾಗ ಬೇಡ್ವೇನೋ?" ಎಂದಿದ್ದಳು. ಬಿಳುಪು, ಬಿಸಿ, ಮೆದು: ಕಡುಬಿನ ಗುಣಗಳು ಈ ಮೂರೇ. ಅದರ ರುಚಿಯೇನು ಎಂದು ಕೇಳಿದರೆ ಪಕ್ಕದ ಬಟ್ಟಲಿನ ಕಡೆ ಕೈ ತೋರಿಸಬೇಕಾಗುತ್ತದೆ.

ಈ ಪಕ್ಕದ ಬಟ್ಟಲಿಗೆ ಹಿರಿಯರು ಇಟ್ಟ ಹೆಸರು ವ್ಯಂಜನ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಈ ಮಾತು ಕಿವಿಗೆ ಬಿದ್ದೊಡನೆ ಊಟಕ್ಕಿಂತ ಮೊದಲು ವ್ಯಾಕರಣ ನೆನಪಾಗುತ್ತದೆ. ನಮ್ಮ ವರ್ಣಮಾಲೆಯಲ್ಲಿ ಸ್ವರಗಳು 13, ವ್ಯಂಜನಗಳು 34. ಸ್ವರ ತಾನೇ ತಾನಾಗಿ ನಿಲ್ಲುತ್ತದೆ. ವ್ಯಂಜನಕ್ಕೆ ಸ್ವರದ ಆಸರೆ ಬೇಕು. ಊಟದ ಎಲೆಯಲ್ಲಿಯೂ ಇದೇ ನಿಯಮ. ಸ್ವರ ಕಡಿಮೆ, ವ್ಯಂಜನ ಹೆಚ್ಚು, ಜಗಳವೆಲ್ಲ ವ್ಯಂಜನದ್ದು. 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜನೂ 16ನೆಯ ಶತಮಾನದ ಆರಂಭದಲ್ಲಿ ಅಡಿಗೆಯ ಶಾಸ್ತ್ರವನ್ನೇ ಷಟ್ಪದಿಗೆ ಇಳಿಸಿದ ಮೂರನೆಯ ಮಂಗರಸನೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡಿದ್ದರೆ ಈ ವಿಚಾರದಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಬರುತ್ತಿರಲಿಲ್ಲವೆಂದು ನನ್ನ ನಂಬಿಕೆ.

ಮೂಡಿಗೆರೆಯ ಕಡೆಯ ನಮ್ಮಂಥ ಮನೆಗಳಲ್ಲಿ ಕಡುಬಿಗೆ ನಾಟಿಕೋಳಿ ಸಾರು ಎಂಬುದು ನೆಂಟರಿಗೆ ಸಲ್ಲುವ ಮರ್ಯಾದೆ. ಹಂದಿ ಸಾರು ಹಬ್ಬಕ್ಕೂ ಹತ್ತಿರದವರಿಗೂ ಮೀಸಲು. ಅಳಿಯ ಬಂದಾಗ ಕೋಳಿ ಮಾತ್ರ ಮಾಡಿದರೆ ಬೀಗರ ಮನೆಯಲ್ಲಿ ಆ ವಿಷಯ ಬಹಳ ದಿನ ಬದುಕಿರುತ್ತದೆ. ಮಳೆಗಾಲ ಹಿಡಿದರೆ ಕಾಡು, ಗದ್ದೆ ಎರಡೂ ಅಡಿಗೆಮನೆಗೆ ಬರುತ್ತವೆ: ಕಳಲೆ, ಅಣಬೆ, ಕೆಸು, ಬದುವಿನ ಬಿಲದಿಂದ ಹಿಡಿದ ಏಡಿ. ಏಡಿಯ ಸಾರಿಗೆ ಕಡುಬು ಮುಳುಗಿಸಿ ತಿನ್ನುವಾಗ ಮಾತನಾಡುವವನು ನಮ್ಮವನಲ್ಲ.

ಅಲ್ಲಿಂದ ಬಸ್ಸು ಹತ್ತಿ, ಕೊಟ್ಟಿಗೆಹಾರದಲ್ಲಿ ಇಳಿದು ಮಂಜಿನ ನಡುವೆ ಒಂದು ನೀರುದೋಸೆ ತಿಂದು, ಮುಂದೆ ಕಳಸಕ್ಕೆ ಹೋಗಿ ನೋಡಿ. ಭದ್ರಾನದಿಯ ದಂಡೆಯ ಆ ಊರಿನಲ್ಲಿ ನನಗೊಬ್ಬ ಸ್ನೇಹಿತನಿದ್ದಾನೆ. ಅವನ ಮನೆಯಲ್ಲಿ ಮಾಂಸ ಹೊಸ್ತಿಲು ದಾಟಿದ್ದಿಲ್ಲ. ಆದರೂ ಬೆಳಿಗ್ಗೆ ಎಲೆಯ ಮೇಲೆ ಬೀಳುವುದು ಅದೇ ಕಡುಬು. ಅದಕ್ಕೆ ಗಾಂಧಾರಿ ಮೆಣಸು ಅರೆದ ಕಾಯಿಚಟ್ನಿ, ಒಂದು ಮಿಡಿ ಉಪ್ಪಿನಕಾಯಿ. ಎರಡನೆಯ ಸುತ್ತಿಗೆ ತುಪ್ಪ ಮತ್ತು ಜೋನಿಬೆಲ್ಲ. ಹಲಸಿನ ಕಾಲದಲ್ಲಿ ಹಣ್ಣನ್ನು ಅಕ್ಕಿಯ ಜೊತೆ ರುಬ್ಬಿ ಎಲೆಯಲ್ಲಿ ಮಡಿಸಿ ಬೇಯಿಸಿದ ಕಡುಬು. ಅವನ ತಾಯಿ ನನಗೆ ಬಡಿಸುತ್ತ, "ನಿಮ್ಮ ಕಡೆ ಇದಕ್ಕೆ ಏನೇನೋ ಹಾಕಿಕೊಳ್ತೀರಂತಲ್ಲ" ಎಂದು ನಗುತ್ತಾರೆ. ಆ 'ಏನೇನೋ' ಎಂಬ ಮಾತಿನಲ್ಲಿ ನಮ್ಮ ಊರಿನ ಕೋಳಿ, ಹಂದಿ, ಏಡಿಗಳೆಲ್ಲ ಹೆಸರಿಲ್ಲದೆ ಓಡಾಡುತ್ತವೆ. ನಾನೂ ನಗುತ್ತೇನೆ. ಅವರ ಕಡುಬೂ ನಮ್ಮ ಕಡುಬೂ ಪಕ್ಕಪಕ್ಕ ಇಟ್ಟರೆ ಯಾವುದು ಯಾರ ಮನೆಯದೆಂದು ಹೇಳಬಲ್ಲವರಿಲ್ಲ. ಬಟ್ಟಲು ಬಂದೊಡನೆ ಎರಡು ಮನೆಗಳ ನಡುವೆ ಒಂದು ಗೋಡೆ ಎದ್ದು ನಿಲ್ಲುತ್ತದೆ.

ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಈ ಗೋಡೆ ನಾಲ್ಕು ದಿಕ್ಕಿಗೂ ಬೆಳೆಯುತ್ತದೆ. ಧಾರವಾಡದ ಕಡೆಯ ಮಿತ್ರರು ನಮ್ಮ ಕಡುಬನ್ನು ಕಡುಬೆಂದು ಒಪ್ಪುವುದೇ ಇಲ್ಲ. ಅವರದು 'ಕಡಬು': ಗೋದಿಯ ಕಣಕದೊಳಗೆ ಕಡಲೆಬೇಳೆ ಬೆಲ್ಲದ ಹೂರಣ ತುಂಬಿ, ಅಂಚು ಮಡಿಸಿ, ಬೇಯಿಸಿದ್ದು ಇಲ್ಲವೆ ಕರಿದದ್ದು, ಮೇಲೆ ತುಪ್ಪ. "ಹೂರಣ ಇಲ್ಲದ್ದು ಎಂಥಾ ಕಡಬ್ರೀ ಸರ? ಅದು ಅಕ್ಕಿ ಉಂಡಿ!" ಎಂದು ಅವರ ತೀರ್ಪು. ಹಳೆಯ ಮೈಸೂರಿನವರು ಗಣೇಶನ ಹಬ್ಬದ ಕರಿಗಡುಬನ್ನು ಮುಂದಿಡುತ್ತಾರೆ. ಘಟ್ಟದ ಕೆಳಗಿನವರು ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕೊಟ್ಟೆಕಡುಬು, ಕೇದಗೆಯ ಎಲೆಯ ಮೂಡೆ, ನಾಗರಪಂಚಮಿಯ ಅರಸಿನ ಎಲೆಯ ಕಡುಬು ಎಂದು ಎಣಿಸುತ್ತ ಹೋಗುತ್ತಾರೆ. ನಮ್ಮದಕ್ಕೆ ಅವರಲ್ಲಿ ಪುಂಡಿ ಎಂಬ ಹೆಸರಿದೆ. ಕೊಡಗಿನವರೊಬ್ಬರು ಬಹಳ ಹೊತ್ತು ಸುಮ್ಮನಿದ್ದು, "ಕಡಂಬುಟ್ಟು, ಹಂದಿಕರಿ, ಅದಕ್ಕೆ ಕಾಚಂಪುಳಿ. ಉಳಿದದ್ದೆಲ್ಲ ಪಲಹಾರ" ಎಂದು ಹೇಳಿ ತರಗತಿಗೆ ಎದ್ದು ಹೋಗುತ್ತಾರೆ. ಕಡಂಬುಟ್ಟಿನ ಜೊತೆಗೆ ಹಂದಿಯೂ ಇರುವುದರಿಂದ ನಾನು ಆ ಪಕ್ಷಕ್ಕೆ ಗುಟ್ಟಾಗಿ ಮತ ಹಾಕುತ್ತೇನೆ.

ಇಂಥ ಜಗಳ ನಮ್ಮವರಿಗೆ ಮಾತ್ರ ಮೀಸಲೆಂದು ನಾನು ತಿಳಿದಿದ್ದೆ. ಶಿಕಾಗೋ ನಗರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬರೆದದ್ದನ್ನು ಓದಿದ ಮೇಲೆ ಸಮಾಧಾನವಾಯಿತು. ಅಲ್ಲಿಯವರ ಮೆಚ್ಚಿನ ತಿನಿಸು ಹಾಟ್ ಡಾಗ್. ಹೆಸರನ್ನು ಕನ್ನಡಕ್ಕೆ ತಂದರೆ 'ಬಿಸಿ ನಾಯಿ' ಎಂದಾಗುತ್ತದೆ, ಓದುಗರು ಗಾಬರಿಯಾಗಬೇಕಾದ್ದಿಲ್ಲ. ಉದ್ದನೆಯ ಮೆದು ಬನ್ನನ್ನು ಸೀಳಿ, ನಡುವೆ ಮಸಾಲೆ ಮಾಂಸದ ಒಂದು ಸಾಸೇಜನ್ನು ಮಲಗಿಸಿದರೆ ಅದೇ ಹಾಟ್ ಡಾಗ್. ಸಾಸೇಜು ಜರ್ಮನ್ ಮಾತನಾಡುವ ನಾಡುಗಳಿಂದ ವಲಸೆ ಹೋದದ್ದು. ಫ್ರಾಂಕ್‌ಫರ್ಟ್, ವಿಯೆನ್ನಾ ನಗರಗಳ ಹೆಸರು ಇನ್ನೂ ಅದಕ್ಕೆ ಅಂಟಿಕೊಂಡಿದೆ. ಶಿಕಾಗೋದ ಹೆಸರಾಂತ ಸಾಸೇಜ್ ಕಂಪನಿಯೊಂದು ತನ್ನ ಹುಟ್ಟನ್ನು 1893ರ ಅಲ್ಲಿಯ ವಿಶ್ವಮೇಳಕ್ಕೆ ಜೋಡಿಸಿ ಹೇಳಿಕೊಳ್ಳುತ್ತದೆ. ಆ ಮೇಳದ ಅಂಗವಾಗಿ ಸೇರಿದ ಸರ್ವಧರ್ಮ ಸಮ್ಮೇಳನದಲ್ಲಿಯೇ ಸ್ವಾಮಿ ವಿವೇಕಾನಂದರು ಮಾತನಾಡಿದ್ದು. ಧರ್ಮಗಳು ಒಂದೆಡೆ ಸೇರಿದವು. ಹಾಟ್ ಡಾಗಿನ ಪಂಥಗಳು ಮಾತ್ರ ಇಂದಿಗೂ ಸೇರಿಲ್ಲ.

ಶಿಕಾಗೋದವರ ಪ್ರಕಾರ ಅದರ ಮೇಲೆ ಹಳದಿ ಸಾಸಿವೆ, ಹೆಚ್ಚಿದ ಈರುಳ್ಳಿ, ಟೊಮೇಟೊ ಹೋಳು, ಸೌತೆಯ ಉಪ್ಪಿನಕಾಯಿ, ಸಣ್ಣ ಹಸಿರು ಮೆಣಸು ಬೀಳಬೇಕು. ಟೊಮೇಟೊ ಕೆಚಪ್ ಬಿದ್ದರೆ ಮಹಾಪರಾಧ. ನ್ಯೂಯಾರ್ಕಿನವರು ಹುಳಿ ಬರಿಸಿದ ಎಲೆಕೋಸನ್ನು ಹಾಕುತ್ತಾರೆ. ಡೆಟ್ರಾಯಿಟ್‌ನವರು ಮಾಂಸದ ಗಟ್ಟಿ ಸಾರನ್ನೇ ಮೇಲೆ ಸುರಿದು ಅದಕ್ಕೆ 'ಕೋನಿ' ಎನ್ನುತ್ತಾರೆ. ನನ್ನ ಶಿಷ್ಯ ಹೋದ ಹೊಸತರಲ್ಲಿ ಕೆಚಪ್ ಕೇಳಿದನಂತೆ. ಅಂಗಡಿಯವನು ಅವನನ್ನು ಒಂದು ಕ್ಷಣ ನೋಡಿ, "ನಿನ್ನ ವಯಸ್ಸೆಷ್ಟು?" ಎಂದನಂತೆ. "ಸಾರ್, ನಮ್ಮ ಅಜ್ಜಿ ಕಡುಬಿಗೆ ಸಕ್ಕರೆ ಕೇಳಿದ ಮೊಮ್ಮಕ್ಕಳನ್ನು ಹೀಗೆಯೇ ನೋಡುತ್ತಿದ್ದಳು" ಎಂದು ಅವನು ಬರೆದಿದ್ದ.

ಇನ್ನೊಂದು ವಿನೋದವಿದೆ. ಅವರ ಆ ಸಣ್ಣ ಮೆಣಸೂ ಕಳಸದ ಚಟ್ನಿಯ ಗಾಂಧಾರಿ ಮೆಣಸೂ ಒಂದೇ ಕುಲದವು. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗುಗಳು ಬಂದ ಮೇಲೆ ನಮ್ಮ ನಾಡಿಗೆ ಬಂದದ್ದು. ಈ ಬೆಟ್ಟಗಳ ಕಾಫಿಯೂ ಹೊರಗಿನದೇ. ಬಾಬಾಬುಡನ್ನರು ಅರಬ್ ದೇಶದಿಂದ ಏಳು ಬೀಜ ತಂದರೆಂಬ ಐತಿಹ್ಯ ನಮ್ಮ ಮಕ್ಕಳಿಗೂ ಗೊತ್ತು. ಹಾಗಿರುವಾಗ ಯಾವ ವ್ಯಂಜನ ಶುದ್ಧ, ಯಾವುದು ಬೆರಕೆ ಎಂದು ತೀರ್ಪು ಕೊಡುವ ಅಧಿಕಾರ ಯಾರಿಗಿದೆ? ಹಂದಿಯವನು ಹಂದಿ ತಿನ್ನಲಿ, ಜೋನಿಬೆಲ್ಲದವನು ಬೆಲ್ಲ ಹಚ್ಚಿಕೊಳ್ಳಲಿ. ಜಗಳವಾಡುವಷ್ಟು ಪ್ರೀತಿ ಇರುವವರೆಗೆ ವ್ಯಂಜನಕ್ಕೆ ಅಪಾಯವಿಲ್ಲ.

ಅಪಾಯ ಬಂದಿರುವುದು ಸ್ವರಕ್ಕೆ. ನಮ್ಮ ಮನೆಯಲ್ಲಿ ಅದು ಎರಡು ವರ್ಷದ ಹಿಂದೆ ಬಾಗಿಲಿಗೇ ಬಂತು. ಮೂಡಿಗೆರೆಯಿಂದ ಆಚೆ ಇರುವ ನಮ್ಮ ಊರಿನಲ್ಲಿ ತೋಟ, ಗದ್ದೆ ನೋಡಿಕೊಳ್ಳುವವನು ನನ್ನ ತಮ್ಮ. ಯುಗಾದಿಗೆ ಹೋದಾಗ ಊಟವಾದ ಮೇಲೆ ಅವನು ಹೇಳಿದ: "ಅಣ್ಣಯ್ಯ, ಈ ವರ್ಷದಿಂದ ಗದ್ದೆ ಮಾಡಲ್ಲ. ಅಡಿಕೆ ಹಾಕ್ತೀನಿ." ಅವನ ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ನಟ್ಟಿಗೆ ಆಳು ಸಿಗುವುದಿಲ್ಲ. ಸಿಕ್ಕಿದರೂ ಕೂಲಿ ಕೊಟ್ಟು ಮಿಗುವುದಿಲ್ಲ. ತೆನೆ ಹಾಲು ಕಟ್ಟುವ ಹೊತ್ತಿಗೆ ಕಾಡುಹಂದಿ. ಅದನ್ನು ಕಾದು ಉಳಿಸಿದರೆ ಆನೆ. ಸುತ್ತಿನ ಗದ್ದೆಗಳೆಲ್ಲ ಒಂದೊಂದಾಗಿ ಅಡಿಕೆಯಾದ ಮೇಲೆ ನಡುವೆ ಉಳಿದ ಒಬ್ಬನ ಬತ್ತ ಇಡೀ ಕಾಡಿಗೆ ಔತಣದ ಎಲೆಯಾಗುತ್ತದೆ. ತಿಂಗಳ ಸಂಬಳ ಎಣಿಸಿಕೊಂಡು ಪಟ್ಟಣದಲ್ಲಿರುವ ನಾನು ಅವನಿಗೆ ಗದ್ದೆಯ ಮಹಿಮೆಯನ್ನು ಉಪದೇಶಿಸಿದರೆ ಅದಕ್ಕಿಂತ ದೊಡ್ಡ ಆಷಾಢಭೂತಿತನ ಇನ್ನೊಂದಿಲ್ಲ. ಸುಮ್ಮನಿದ್ದೆ.

ಅವ್ವನೂ ಸುಮ್ಮನಿದ್ದಳು. ಆದರೆ ಮಾರನೆಯ ಬೆಳಿಗ್ಗೆ ಎದ್ದು, ಅಂಗಡಿಯಿಂದ ತರಿಸಿದ ಅಕ್ಕಿಯ ತರಿಯಿಂದ ಕಡುಬು ಮಾಡಿದಳು. ಸಣ್ಣಗೆ, ಬೆಳ್ಳಗೆ ಇರುವ ಪಾಲಿಶ್ ಅಕ್ಕಿ. ಉಂಡೆ ಕಟ್ಟಿದರೆ ಕೈಗೆ ಅಂಟಿತು. ಹಬೆಯಲ್ಲಿ ಬಿರುಕು ಬಿಟ್ಟಿತು. ಸಾರಿಗೆ ಮುಟ್ಟಿಸಿದೊಡನೆ ಗುಳಿ ಕರಗಿ ಗಂಜಿಯಾಯಿತು. ಕೋಳಿ ಸಾರು ಮಾತ್ರ ಎಂದಿನಂತೆಯೇ ಸೊಗಸಾಗಿತ್ತು. ಅವ್ವ ತಮ್ಮನ ಎಲೆ ನೋಡಿ, "ಸಾರು ಯಾವ ಊರಲ್ಲಾದ್ರೂ ಮಾಡಬಹುದು ಕಣೋ" ಎಂದಷ್ಟೇ ಹೇಳಿದಳು. ನಾನು ಇಪ್ಪತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದು ಬೋಧಿಸಿದ ಸ್ವರವ್ಯಂಜನಗಳ ಪಾಠ ಆ ಒಂದು ಮಾತಿನಲ್ಲಿ ಮುಗಿದಿತ್ತು.

ನಮ್ಮ ಗದ್ದೆಯಲ್ಲಿ ಹಿಂದೆ ಬೆಳೆಯುತ್ತಿದ್ದುದು ಹೆಗ್ಗೆ, ಆಮೇಲೆ ಇಂಟಾನ್. ಇಂಟಾನ್ ನಮ್ಮದಲ್ಲ, ಇಂಡೋನೇಷ್ಯದ ತಳಿ. ಅಲ್ಲಿಯ ಭಾಷೆಯಲ್ಲಿ ಆ ಮಾತಿಗೆ ವಜ್ರವೆಂದು ಅರ್ಥ. ಸಮುದ್ರ ದಾಟಿ ಬಂದ ಆ ವಜ್ರವೂ ನಮ್ಮ ಕೆಸರಿನಲ್ಲಿ ಬೇರು ಬಿಟ್ಟು ನಮ್ಮವ್ವನ ಅಂಗೈಗೆ ಹೊಂದಿಕೊಂಡಿತು. ಆದ್ದರಿಂದ ನನ್ನ ದುಃಖ ಪರಂಪರೆ ಹೋಯಿತೆಂಬುದಲ್ಲ. ಹೆಗ್ಗೆ ಹೋಗಿ ಇಂಟಾನ್ ಬಂದಾಗ ಒಂದು ಸ್ವರದ ಜಾಗಕ್ಕೆ ಇನ್ನೊಂದು ಸ್ವರ ಬಂತು. ಗದ್ದೆಯೇ ಹೋದರೆ ಬರಲು ಜಾಗವೇ ಇರುವುದಿಲ್ಲ. ಬದು ಹೋದ ಮೇಲೆ ಏಡಿ ಎಲ್ಲಿಯದು? ನೋಡಿ, ಕಡೆಗೆ ವ್ಯಂಜನಕ್ಕೂ ಗದ್ದೆಯೇ ಬೇಕಾಯಿತು.

ಅಡಿಕೆ ಬಂತು. ಬರಬೇಕಾದದ್ದೇ, ತಮ್ಮನ ಮಕ್ಕಳೂ ಓದಬೇಕಲ್ಲ. ಆದರೆ ಎಲ್ಲಕ್ಕಿಂತ ಕೆಳಗಣ ಹತ್ತು ಗುಂಟೆಯ ಒಂದು ಗದ್ದೆಯಲ್ಲಿ ಎಷ್ಟು ಆಳಕ್ಕೆ ಬಸಿಗಾಲುವೆ ತೆಗೆದರೂ ನೀರು ಇಂಗಲಿಲ್ಲ. ನಿಂತ ನೀರಿನಲ್ಲಿ ಅಡಿಕೆ ಬದುಕುವುದಿಲ್ಲ. ಅದನ್ನು ಹಾಗೆಯೇ ಬೀಳು ಬಿಡುವುದೆಂದು ತಮ್ಮ ಹೇಳಿದಾಗ, ನಟ್ಟಿಯ ಕೂಲಿ ನನ್ನದು, ಕಾಯುವುದು ನಿನ್ನದು ಎಂದು ಒಪ್ಪಂದ ಮಾಡಿಕೊಂಡೆವು. ಕಳೆದ ಸಲ ಆರು ಚೀಲ ಬತ್ತ ಬಂತು. ಬೇಲಿ, ಕೂಲಿ, ರಾತ್ರಿಯ ಕಾವಲು ಎಲ್ಲ ಸೇರಿಸಿದರೆ ಆ ಅಕ್ಕಿ ಅಂಗಡಿಯದಕ್ಕಿಂತ ಬಹಳ ದುಬಾರಿ. ತಮ್ಮ ಅದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಅವ್ವನ ಮುಂದೆ ಓದಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಒಂದು ಹಿಡಿ ಬತ್ತವನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಅಕ್ಕಿಯ ಒಂದು ಕಾಳನ್ನು ಹಲ್ಲಿನಲ್ಲಿ ಮುರಿದು ನೋಡಿ, "ಬೀಜಕ್ಕೆ ಹತ್ತು ಸೇರು ಬೇರೆ ತೆಗೆದಿಡು" ಎಂದಳು.