ಬಣ್ಣಕ್ಕೂ ಮೊದಲು

ಟೈ-ಡೈ ಎಂದರೆ ಬಣ್ಣ ಸುರಿಯುವ ಗಳಿಗೆ ಹೆಚ್ಚಿನವರಿಗೆ ಇಷ್ಟ. ನನಗೆ ಅದಕ್ಕೂ ಮುಂಚಿನ ಕೆಲಸವೇ ಪ್ರೀತಿ: ಅಂಗಿ ತೊಳೆಯುವುದು, ನೆರಿಗೆ ಹಿಡಿಯುವುದು, ಬಿಗಿದು ಕಟ್ಟುವುದು. ಬಣ್ಣ ಎಲ್ಲಿ ಹತ್ತಬಾರದು ಎಂಬುದು ಕಟ್ಟುವಾಗಲೇ ತೀರ್ಮಾನವಾಗುತ್ತದೆ. ಚಿತ್ತಾರವೆಲ್ಲ ಹಾಗೆ ಉಳಿಸಿಕೊಂಡ ಬಿಳಿಯಿಂದಲೇ ಮೂಡುತ್ತದೆ.

ವೈಟ್‌ಫೀಲ್ಡ್ ಕಡೆ ಇರುವವರು ಮೊದಲು ನೀರು ನೋಡಬೇಕು. ನಮ್ಮ ಬೋರ್‌ವೆಲ್, ಟ್ಯಾಂಕರ್ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಅಂಗಿ ನೆನೆಸಲು ಹಾಕುವ ಸೋಡಾ ಆಶ್ ಜೊತೆ ಸೇರಿ ಬಿಳಿಪುಡಿಯಾಗಿ ಬಟ್ಟೆಯ ಮೇಲೆ ಕೂತರೆ ಬಣ್ಣ ಒಂದೇ ಸಮ ಹಿಡಿಯುವುದಿಲ್ಲ. ಹಾಗಾಗಿ ತಾರಸಿಯಲ್ಲಿ ಹಿಡಿದ ಮಳೆನೀರನ್ನು ಇದಕ್ಕೆಂದೇ ಎತ್ತಿಡುತ್ತೇನೆ.

ಅಂಗಿ ಅಪ್ಪಟ ಹತ್ತಿಯದಾಗಿರಬೇಕು. ಹೊಸದಾದರೆ ಗಂಜಿ, ನುಣುಪಿನ ಲೇಪ ಅಂಟಿರುತ್ತವೆ. ಸೋಪು, ವಾಷಿಂಗ್ ಸೋಡಾ ಹಾಕಿ ಕುದಿಸಿದರೆ ಬಿಡುತ್ತವೆ. ಒಣಗಿದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ದುಂಡಗೆ ನಿಂತರೆ ಮತ್ತೆ ಕುದಿಸಬೇಕು. ಬಿದ್ದೊಡನೆ ಇಂಗಿ ಹರಡಿದರೆ ಅಂಗಿ ಹದಕ್ಕೆ ಬಂದಿದೆ. ಆಮೇಲೆ ಲೀಟರಿಗೆ ಸುಮಾರು 50 ಗ್ರಾಂ ಸೋಡಾ ಆಶ್ ಕರಗಿಸಿ, 20 ನಿಮಿಷ ನೆನೆಸಿ, ಕೈಗವಸು ತೊಟ್ಟು ಹಿಂಡಬೇಕು. ಇಂಗ್ಲೆಂಡಿನ ಐಸಿಐ ಕಂಪನಿ 1956ರಲ್ಲಿ ತಂದ ಪ್ರೋಸಿಯನ್‌ನಂಥ ಬಣ್ಣಗಳು ಈ ಕ್ಷಾರ ಇದ್ದರೆ ತಣ್ಣೀರಿನಲ್ಲೇ ಹತ್ತಿಯೊಂದಿಗೆ ಬೆಸೆದುಕೊಳ್ಳುತ್ತವೆ.

ಒದ್ದೆ ಇರುವಾಗಲೇ ಕಟ್ಟಬೇಕು. ಆಗ ನೆರಿಗೆ ಹೇಳಿದ ಮಾತು ಕೇಳುತ್ತದೆ. ಮೇಜಿನ ಮೇಲೆ ಹರಡಿ, ಎದೆಯ ನಡುವೆ ಚಿವುಟಿ ಹಿಡಿದು ತಿರುವುತ್ತ ಹೋದರೆ ಸುತ್ತಲೂ ನೆರಿಗೆ ಏಳುತ್ತದೆ. ಅಂಗುಲಕ್ಕಿಂತ ಎತ್ತರ ಎದ್ದದ್ದನ್ನು ಬೆರಳಲ್ಲಿ ಒತ್ತಿ ಎರಡಾಗಿಸಬೇಕು, ಇಲ್ಲದಿದ್ದರೆ ಒಳಮಡಿಕೆಗೆ ಬಣ್ಣ ಇಳಿಯದೆ ಸುರುಳಿ ತುಂಡಾಗುತ್ತದೆ. ಚಕ್ಕುಲಿಯಂತೆ ಸುತ್ತಿಕೊಂಡ ಅಂಗಿಗೆ ಮೂರು ರಬ್ಬರ್ ಬ್ಯಾಂಡ್ ಅಡ್ಡಡ್ಡ ಹಾಕಿದರೆ ಆರು ಪಾಲು ಸಿದ್ಧ.

ಇನ್ನೊಂದು ಅಂಗಿಗೆ ಅಲ್ಲಲ್ಲಿ ಕಡಲೆಕಾಳು ಇಟ್ಟು ದಾರ ಬಿಗಿಯುತ್ತೇನೆ, ಬಿಚ್ಚಿದಾಗ ಉಂಗುರಗಳು. ಕಚ್‌ನ ಬಾಂಧನಿ ಕಟ್ಟುವವರು ಕಿರುಬೆರಳಿನ ಉಗುರು ಬೆಳೆಸಿ, ಅದರ ತುದಿಯಲ್ಲಿ ಬಟ್ಟೆ ಎತ್ತಿ ಸಾಸಿವೆಯಷ್ಟು ಸಣ್ಣ ಗಂಟು ಹಾಕುತ್ತಾರೆ. ಮಧುರೈನ ಸುಂಗುಡಿ ಸೀರೆಯ ಚುಕ್ಕೆಗಳೂ ಇದೇ ಕಸುಬಿನವು. ದಾರ ಎಳೆದು ಬೆರಳು ಕೆಂಪಾದಾಗ ಆ ಕೈಗಳ ಮೇಲಿನ ಗೌರವ ಇಮ್ಮಡಿಸುತ್ತದೆ.

ಬಣ್ಣ ಹಾಕಿ, ಒಂದು ದಿನ ಬಿಟ್ಟು ಗಂಟು ಬಿಚ್ಚಿದರೆ, ಎಷ್ಟೋ ಅಂಗಿಗಳಲ್ಲಿ ಹೊಲಿಗೆ ಮಾತ್ರ ಬೆಳ್ಳಗೇ ಇರುತ್ತದೆ. ಹೊಲಿದ ದಾರ ಪಾಲಿಯೆಸ್ಟರ್. ಹತ್ತಿಯ ಬಣ್ಣ ಅದಕ್ಕೆ ಹತ್ತುವುದಿಲ್ಲ. ಹೆಗಲು, ತೋಳು, ಅಂಚು ಎಲ್ಲ ಕಡೆ ಒಂದೊಂದು ಟಾಕನ್ನೂ ಎಣಿಸಬಹುದು. ಪೀಣ್ಯ, ಬೊಮ್ಮಸಂದ್ರದ ಗಾರ್ಮೆಂಟ್ಸ್‌ನಲ್ಲಿ ಹೆಣ್ಣುಮಕ್ಕಳು ದಿನವಿಡೀ ಹಾಕುವುದು ಇಂಥ ಟಾಕುಗಳನ್ನೇ. ಆ ಬಿಳಿ ಹೊಲಿಗೆಯನ್ನು ಮುಚ್ಚಲು ನಾನು ಬೇರೆ ಬಣ್ಣ ಹುಡುಕುವುದಿಲ್ಲ. ಅಂಗಿಯಲ್ಲಿ ನನ್ನ ಕೈಗಿಂತ ಮೊದಲು ದುಡಿದ ಕೈ ಅವರದು. ಅದು ಎದ್ದು ಕಾಣಲಿ.