ಹೊಸ ಫೋನೂ, ಊರ ತುಂಬಾ ದೂರೂ

ಹೊಸ ಫೋನೊಂದು ಮಾರ್ಕೆಟ್ಟಿಗೆ ಬಂದು ಮೂರು ದಿನ ಆಗಿರಲ್ಲ, ಅಷ್ಟರಲ್ಲೇ ಇಂಟರ್ನೆಟ್ಟಲ್ಲಿ ಅದರ ಜಾತಕ ಬರೆಯೋ ಕೆಲಸ ಶುರುವಾಗಿರತ್ತೆ. ಒಬ್ಬನಿಗೆ ಬಿಸಿಯಾಗತ್ತೆ, ಇನ್ನೊಬ್ಬನಿಗೆ ಸಿಗ್ನಲ್ ಸಿಗಲ್ಲ, ಮತ್ತೊಬ್ಬನ ಸ್ಕ್ರೀನ್ ಮೇಲೆ ಹಸಿರು ಗೆರೆ... ಓದ್ತಾ ಹೋದ್ರೆ ಈ ಭೂಮಿ ಮೇಲೆ ನೆಟ್ಟಗಿರೋ ಫೋನೇ ಇಲ್ವೇನೋ ಅನ್ನಿಸಿಬಿಡತ್ತೆ. ಮದುವೆ ಗಂಡಿನ ಬಗ್ಗೆ ಊರಲ್ಲಿ ವಿಚಾರಿಸಿದ ಹಾಗೆ. ಹತ್ತು ಜನರನ್ನ ಕೇಳಿದ್ರೆ ಹನ್ನೊಂದು ಕೊಂಕು ಸಿಗತ್ತೆ :-)

ಇದನ್ನೆಲ್ಲ ಕೂತು ಯೋಚಿಸೋ ಹಾಗೆ ಮಾಡಿದವಳು ನಮ್ಮಕ್ಕ. ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿಯ ಸೊಸೈಟಿಯಲ್ಲಿ ಲೆಕ್ಕ ಬರೀತಾಳೆ. ಹೊಸ ಫೋನಿಗೆ ಅಂತ ಹದಿನೆಂಟು ಸಾವಿರ ರೂಪಾಯಿ ಎತ್ತಿಟ್ಟಿದ್ದಳು, ಅದು ಅವಳ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. ಸೊಸೈಟಿ ಲಾಗಿನ್ನಿಗೆ ಬರೋ ಓಟಿಪಿ, ಯುಪಿಐ, ಮಗನ ಶಾಲೆಯ ಗ್ರೂಪು, ಅಮ್ಮನ ಬಿಪಿ-ಶುಗರ್ ಬರೆದ ಚೀಟಿಯ ಫೋಟೋ ಡಾಕ್ಟರಿಗೆ ಕಳಿಸೋದು... ಎಲ್ಲಾ ಒಂದೇ ಫೋನಲ್ಲಿ. ಮಾಡೆಲ್ಲೂ ನೋಡಿಟ್ಟಿದ್ದಳು. ಆದ್ರೆ ದಿನಾ ರಾತ್ರಿ ಕೂತು ಅದರ ಮೇಲಿನ ದೂರುಗಳನ್ನ ಓದಿ ಓದಿ, ಕೊನೆಗೆ ನನಗೆ ಫೋನ್ ಮಾಡಿದಳು.

"ಅಲ್ವೋ, ನೂರಾರು ಜನ ಬೈದಿದಾರೆ ಇದಕ್ಕೆ. ತಗೊಳ್ಳೋದಾ ಬೇಡ್ವಾ? ಇಂಜಿನಿಯರ್ ಅಂತೀಯಲ್ಲ, ಹೇಳು."

ನಾನು ಸಾಫ್ಟ್‌ವೇರ್ ಇಂಜಿನಿಯರ್. ಊರಲ್ಲಿ ಇಂಜಿನಿಯರ್ ಅಂದ್ರೆ ಮಿಕ್ಸಿಯಿಂದ ಹಿಡಿದು ಪಂಪ್‌ಸೆಟ್ಟಿನ ತನಕ ಎಲ್ಲಾ ಗೊತ್ತಿರಬೇಕು. ಇರಲಿ. ದೂರು ಓದೋದಂತೂ ನನ್ನ ದಿನನಿತ್ಯದ ಕೆಲಸವೇ. ಬೆಳಿಗ್ಗೆ ಆಫೀಸಿಗೆ ಹೋಗಿ ಕೂತರೆ ಮೊದಲು ತೆರೆಯೋದು ಬಗ್‌ಗಳ ಪಟ್ಟಿ. ಅದರಲ್ಲಿ ಕಲಿತ ಒಂದು ಮಾತು: ಒಂದು ಬಗ್ ಬಗ್ಗೆ ಎಷ್ಟು ಜನ ಕೂಗ್ತಿದಾರೆ ಅನ್ನೋದು ಬೇರೆ, ಆ ಬಗ್ ಎಷ್ಟು ಕೆಟ್ಟದ್ದು ಅನ್ನೋದು ಬೇರೆ. ಬಟನ್ ಬಣ್ಣ ಸರಿ ಇಲ್ಲ ಅಂತ ಐನೂರು ಜನ ಬರೀತಾರೆ. ದುಡ್ಡು ಎರಡು ಸಲ ಕಟ್ ಆಯ್ತು ಅಂತ ಇಬ್ಬರು ಬರೀತಾರೆ. ನಾವು ರಾತ್ರಿ ಎದ್ದು ಕೂರೋದು ಆ ಇಬ್ಬರಿಗಾಗಿ.

ಫೋನಿನ ಚರಿತ್ರೆಯಲ್ಲೇ ಇದಕ್ಕೆ ಒಳ್ಳೇ ಜೋಡಿ ಉದಾಹರಣೆ ಇದೆ.

2010ರ ಜೂನ್‌ನಲ್ಲಿ ಐಫೋನ್ 4 ಬಂತು. ಅದರ ಸುತ್ತಲಿನ ಲೋಹದ ಪಟ್ಟಿಯೇ ಆಂಟೆನಾ. ಎಡಗೈಯಲ್ಲಿ ಒಂದು ರೀತಿ ಹಿಡಿದರೆ ಸಿಗ್ನಲ್ ಬಿದ್ದುಹೋಗ್ತಿತ್ತು. ಜಗತ್ತೆಲ್ಲಾ ಗುಲ್ಲಾಯ್ತು, 'ಆಂಟೆನಾಗೇಟ್' ಅಂತ ಹೆಸರೂ ಬಿತ್ತು. ಜುಲೈ 16ರಂದು ಸ್ಟೀವ್ ಜಾಬ್ಸ್ ಪತ್ರಕರ್ತರನ್ನ ಕರೆದು ಲೆಕ್ಕ ಇಟ್ಟರು: ಕೊಂಡವರಲ್ಲಿ ಆಂಟೆನಾ ಬಗ್ಗೆ ಕಂಪನಿಗೆ ಫೋನ್ ಮಾಡಿ ದೂರಿದವರು ಶೇ. 0.55. ಅಂದ್ರೆ ಹತ್ತು ಲಕ್ಷಕ್ಕೆ 5,500 ಜನ. ಎಲ್ಲರಿಗೂ ಒಂದು ಕವರ್ ಪುಕ್ಕಟೆ ಕೊಟ್ಟರು. ಕವರ್ ಹಾಕಿದ್ರೆ ಕೈ ಲೋಹಕ್ಕೆ ತಾಗಲ್ಲ, ತೊಂದರೆ ಬಹುಪಾಲು ಮುಗೀತು.

ಇನ್ನೊಂದು 2016ರದ್ದು. ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಆಗಸ್ಟ್ 19ಕ್ಕೆ ಮಾರಾಟಕ್ಕೆ ಬಂತು. ಸೆಪ್ಟೆಂಬರ್ 2ಕ್ಕೆ ಕಂಪನಿಯೇ ಮಾರಾಟ ನಿಲ್ಲಿಸಿ, ಕೊಂಡವರಿಗೆ ಬದಲಿ ಕೊಡ್ತೀವಿ ಅಂತು. ಆಗ ಅದು ಹೇಳಿದ ಲೆಕ್ಕ: ಇಡೀ ಜಗತ್ತಿನಲ್ಲಿ 35 ಪ್ರಕರಣ, ಹತ್ತು ಲಕ್ಷಕ್ಕೆ 24. ಐಫೋನಿನ ಆ ಸಂಖ್ಯೆಯ ಪಕ್ಕ ಇದು ಲೆಕ್ಕಕ್ಕೇ ಇಲ್ಲ. ಆದ್ರೆ ಈ 24ರಲ್ಲಿ ಬ್ಯಾಟರಿ ಹೊತ್ತಿ ಉರೀತಿತ್ತು. ಸೆಪ್ಟೆಂಬರ್ ನಡುವಿನ ಹೊತ್ತಿಗೆ ಅಮೆರಿಕ ಒಂದರಲ್ಲೇ 92 ಬಾರಿ ಬ್ಯಾಟರಿ ಬಿಸಿಯೇರಿದ ವರದಿ, ಅದರಲ್ಲಿ 26 ಸುಟ್ಟ ಗಾಯದ ವರದಿ. ನಮ್ಮಲ್ಲೂ ವಿಮಾನದಲ್ಲಿ ಈ ಫೋನ್ ಆನ್ ಮಾಡಬಾರದು ಅಂತ ಡಿಜಿಸಿಎ ಹೇಳಿತು. ಅಕ್ಟೋಬರ್ 5ಕ್ಕೆ ಅಮೆರಿಕದ ಲೂಯಿವಿಲ್‌ನಲ್ಲಿ, ಇನ್ನೂ ಹೊರಡದ ವಿಮಾನದೊಳಗೆ, ಬದಲಿಯಾಗಿ ಕೊಟ್ಟ ಫೋನಿನಿಂದಲೇ ಹೊಗೆ ಬಂತು. ಅದೇ ತಿಂಗಳು ಆ ಮಾಡೆಲ್ಲನ್ನೇ ಮುಚ್ಚಿದರು. 2017ರ ಜನವರಿಯಲ್ಲಿ ಕಂಪನಿ ಕಾರಣ ಹೇಳಿತು: ಮೊದಲ ಬ್ಯಾಟರಿಯಲ್ಲಿ ಮೂಲೆಯಲ್ಲಿ ಜಾಗ ಸಾಲದೆ ಒಳಗಿನ ಎಲೆಕ್ಟ್ರೋಡ್ ಬಾಗಿತ್ತು, ಬದಲಿ ಬ್ಯಾಟರಿಯಲ್ಲಿ ವೆಲ್ಡಿಂಗ್ ಮಾಡಿದ ಕಡೆ ಚೂಪು ಉಳಿದಿತ್ತು. ಎರಡು ಬೇರೆ ಬೇರೆ ತಯಾರಕರು, ಎರಡು ಬೇರೆ ಬೇರೆ ತಪ್ಪು!

ಹಾಗಾದ್ರೆ ದೂರುಗಳನ್ನ ಎಣಿಸಿ ಹೆದರೋದರಲ್ಲಿ ಅರ್ಥ ಇಲ್ಲ. ದೂರು ಏನು ಹೇಳ್ತಿದೆ ಅಂತ ನೋಡಬೇಕು. ಬ್ಯಾಟರಿ ಉಬ್ಬಿತು, ಹೊಗೆ ಬಂತು, ಚಾರ್ಜರ್ ಕರಗಿತು ಅನ್ನೋದು ನಾಲ್ಕೇ ನಾಲ್ಕು ಇದ್ದರೂ ನಾನು ನಿಂತು ಓದ್ತೀನಿ. ಕ್ಯಾಮೆರಾದಲ್ಲಿ ಮುಖ ಬೆಳ್ಳಗೆ ಬರತ್ತೆ ಅನ್ನೋದು ನಾನೂರಿದ್ದರೂ ಮುಂದಕ್ಕೆ ಹೋಗ್ತೀನಿ.

ಹಾಗಂತ ಎಣಿಕೆಯನ್ನ ಪೂರ್ತಿ ಬಿಡೋಕೂ ಆಗಲ್ಲ. ಫೋನ್ ಚೆನ್ನಾಗಿರೋನು ಅದರಲ್ಲಿ ಹಾಡು ಕೇಳ್ಕೊಂಡು ಆರಾಮಾಗಿರ್ತಾನೆ, "ಇವತ್ತೂ ನನ್ನ ಫೋನ್ ಕೆಡಲಿಲ್ಲ" ಅಂತ ಎಲ್ಲೂ ಬರೆಯಲ್ಲ. ಹಾಗಾಗಿ ನಮಗೆ ಕಾಣೋದು ಅಂಶ ಮಾತ್ರ, ಛೇದ ಕಾಣಲ್ಲ. ಐದು ಸಾವಿರ ಮಾರಿದ ಫೋನಿಗೆ ಇನ್ನೂರು ದೂರು ಬಂದರೆ ಅದೊಂದು ಕಥೆ, ಐವತ್ತು ಲಕ್ಷ ಮಾರಿದ್ದಕ್ಕೆ ಇನ್ನೂರು ಬಂದರೆ ಅದು ಬೇರೆಯೇ ಕಥೆ. ಜಾಸ್ತಿ ಮಾರಾಟವಾದ ಫೋನಿಗೆ ಜಾಸ್ತಿ ಬೈಗುಳ ಬೀಳೋದು ಸಹಜ.

ನಾನು ನೋಡೋ ಇನ್ನೊಂದು ವಿಷಯ, ದೂರುಗಳು ಒಂದನ್ನೊಂದು ಹೋಲ್ತಾವಾ ಅಂತ. ನೂರು ಜನ ನೂರು ತರದ ತೊಂದರೆ ಹೇಳಿದ್ರೆ ಅದು ಲಕ್ಷಗಟ್ಟಲೆ ತಯಾರಾಗೋ ಯಾವುದೇ ವಸ್ತುವಿನ ಹಣೆಬರಹ. ಒಬ್ಬರಿಗೊಬ್ಬರು ಗೊತ್ತಿಲ್ಲದ ಇಪ್ಪತ್ತು ಜನ ಒಂದೇ ತೊಂದರೆಯನ್ನ ಒಂದೇ ತರ ಹೇಳಿದ್ರೆ, ಒಳಗೆ ಏನೋ ಇದೆ. 2023ರಲ್ಲಿ ಐಫೋನ್ 15 ಪ್ರೊ ಬಿಸಿಯಾಗತ್ತೆ ಅಂತ ಬಂದ ದೂರುಗಳು ಹೀಗೇ ಇದ್ದವು. ಆಪಲ್ ಕೂಡ ಒಪ್ಪಿಕೊಂಡು, ಐಓಎಸ್ 17ರ ಒಂದು ಬಗ್ ಮತ್ತು ಕೆಲವು ಆಪ್‌ಗಳು ಕಾರಣ ಅಂತ ಹೇಳಿ, ಅಕ್ಟೋಬರ್ ಮೊದಲ ವಾರ 17.0.3 ಅಪ್‌ಡೇಟಿನಲ್ಲಿ ಸರಿ ಮಾಡಿತು. ಸಾಫ್ಟ್‌ವೇರಿನಿಂದ ಬಂದ ರೋಗ ಸಾಫ್ಟ್‌ವೇರಿನಿಂದಲೇ ಹೋಗತ್ತೆ, ಮನೆಯಲ್ಲೇ ಕೂತು ವಾಸಿ ಮಾಡ್ಕೋಬಹುದು. ಹಾರ್ಡ್‌ವೇರ್ ಹಾಗಲ್ಲವಲ್ಲ.

ಕಂಪನಿ "ಕೆಲವೇ ಕೆಲವರಿಗೆ" ಅಂದ ತಕ್ಷಣ ನಂಬೋಕೂ ನನಗೆ ಮನಸ್ಸಿಲ್ಲ. 2014ರಲ್ಲಿ ಐಫೋನ್ 6 ಪ್ಲಸ್ ಜೇಬಲ್ಲಿ ಬಾಗತ್ತೆ ಅಂತ ಗಲಾಟೆಯಾದಾಗ, ಮೊದಲ ಆರು ದಿನದಲ್ಲಿ ದೂರಿದವರು ಒಂಬತ್ತೇ ಜನ ಅಂತ ಆಪಲ್ ಹೇಳಿತ್ತು. ನಾಲ್ಕು ವರ್ಷ ಆದಮೇಲೆ, 2018ರಲ್ಲಿ, ಕೋರ್ಟ್ ಕಾಗದಗಳಲ್ಲಿ ಕಂಪನಿಯ ಒಳಗಿನ ಪರೀಕ್ಷೆಯ ಮಾತು ಹೊರಗೆ ಬಂತು: ಐಫೋನ್ 5ಎಸ್‌ಗಿಂತ 6 ಬಾಗೋ ಸಾಧ್ಯತೆ 3.3 ಪಟ್ಟು, 6 ಪ್ಲಸ್‌ದು 7.2 ಪಟ್ಟು. ಒಂಬತ್ತು ಜನ ಅನ್ನೋದು ಸುಳ್ಳು ಅಂತ ನಾನು ಹೇಳ್ತಿಲ್ಲ. ಆರನೇ ದಿನಕ್ಕೆ ಲೆಕ್ಕ ಮುಗಿಸಿದ್ರೆ ಒಂಬತ್ತೇ ಸಿಗತ್ತೆ ಅಷ್ಟೆ.

ಸಮಯದ ಈ ಮಾತು ನಮ್ಮೂರ ಕಡೆಯವರಿಗೆ ಇನ್ನೂ ಮುಖ್ಯ. ಕಾಲೇಜಲ್ಲಿ 'ಬಾತ್‌ಟಬ್ ಕರ್ವ್' ಅಂತ ಓದಿದ್ದೆ. ಯಾವುದೇ ಯಂತ್ರ ಹೊಸದರಲ್ಲಿ ಒಂದಷ್ಟು ಕೆಡತ್ತೆ, ಆಮೇಲೆ ಬಹಳ ದಿನ ಸುಮ್ಮನಿರತ್ತೆ, ವಯಸ್ಸಾದಮೇಲೆ ಮತ್ತೆ ಕೆಡತ್ತೆ. ಗೆರೆ ಎಳೆದರೆ ಸ್ನಾನದ ತೊಟ್ಟಿಯ ಆಕಾರ. ಬಿಡುಗಡೆಯ ವಾರದ ದೂರುಗಳೆಲ್ಲ ತೊಟ್ಟಿಯ ಎಡಗಡೆ ಗೋಡೆ. ಆ ಕಾಲದಲ್ಲಿ ಕೆಟ್ಟಿದ್ದಕ್ಕೆ ವಾರಂಟಿ ಇರತ್ತೆ. ನಿಜವಾಗಿ ಜೇಬು ಸುಡೋದು ಅಲ್ಲಿ ಕಾಣದೇ ಇರೋದು. ಅಮೋಲೆಡ್ ಸ್ಕ್ರೀನಿನ ಹಸಿರು ಗೆರೆ ಹಾಗೇ ಅಲ್ವಾ? ಎಷ್ಟೋ ಜನರಿಗೆ ಅದು ಬಂದಿದ್ದು ಒಂದು-ಎರಡು ವರ್ಷ ಬಳಸಿದಮೇಲೆ, ವಾರಂಟಿ ಮುಗಿದಮೇಲೆ. ಜನ ಬಿಡದೆ ಕೂಗಿದ್ದರಿಂದಲೇ ಒನ್‌ಪ್ಲಸ್ ಭಾರತದಲ್ಲಿ ಆ ಗೆರೆಗೆ ಜೀವನಪೂರ್ತಿ ಸ್ಕ್ರೀನ್ ವಾರಂಟಿ ಅಂತ ಘೋಷಿಸಬೇಕಾಯ್ತು. ಬೈಯೋರು ಕೊಳ್ಳೋರಿಗೆ ಮಾಡೋ ಉಪಕಾರ ಇದು. ಅವರ ಬಾಯಿ ಇಲ್ಲದಿದ್ರೆ ನಮಗೆ ಸ್ಕ್ರೀನೂ ಇಲ್ಲ.

ಇಷ್ಟೆಲ್ಲ ಅಕ್ಕನಿಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು ಒಂದು ಮಾತು ಅಂದಳು: "ಅದೆಲ್ಲ ಸರಿ ಕಣೋ. ಕೆಟ್ಟರೆ ಎಲ್ಲಿಗೆ ತಗೊಂಡು ಹೋಗ್ಬೇಕು ಅಂತ ಒಬ್ರೂ ಬರ್ದಿಲ್ವಲ್ಲ?"

ಹೌದಲ್ವಾ! ಬೆಂಗಳೂರಲ್ಲಿರೋ ನನಗೆ ಸರ್ವೀಸ್ ಸೆಂಟರ್ ಅಂದ್ರೆ ಆಫೀಸಿನಿಂದ ಬರೋ ದಾರಿಯಲ್ಲಿ ಒಂದು ಗಂಟೆ. ಅವಳಿಗೆ ಅಂದ್ರೆ ಶಿವಮೊಗ್ಗ. ತೀರ್ಥಹಳ್ಳಿಯಿಂದ ಸುಮಾರು 60 ಕಿಲೋಮೀಟರ್, ಅವಳ ಊರಿಂದ ತೀರ್ಥಹಳ್ಳಿಗೆ ಬೇರೆ ಬಸ್ಸು. ಒಂದು ದಿನ ರಜೆ ಹಾಕಿ ಕೊಡಬೇಕು, ಇನ್ನೊಂದು ದಿನ ರಜೆ ಹಾಕಿ ತರಬೇಕು. ನಡುವೆ "ಪಾರ್ಟ್ ಬಂದಿಲ್ಲ ಮೇಡಂ" ಅನ್ನೋ ದಿನಗಳಲ್ಲಿ ಓಟಿಪಿ ಇಲ್ಲ, ಯುಪಿಐ ಇಲ್ಲ, ಅಮ್ಮನ ಚೀಟಿ ಡಾಕ್ಟರಿಗೆ ಹೋಗಲ್ಲ. ಹತ್ತು ಲಕ್ಷಕ್ಕೆ ಎಷ್ಟು ಅನ್ನೋ ಲೆಕ್ಕ ನಮ್ಮಿಬ್ಬರಿಗೂ ಒಂದೇ. ಆ ಒಂದು ನಮ್ಮದೇ ಆದಾಗ ಕಟ್ಟೋ ಬೆಲೆ ಒಂದೇ ಅಲ್ಲ. ಎಷ್ಟು ಹೆದರಬೇಕು ಅನ್ನೋದು ಸರ್ವೀಸ್ ಸೆಂಟರ್ ಎಷ್ಟು ದೂರ ಇದೆ ಅನ್ನೋದರ ಮೇಲೂ ನಿಂತಿದೆ.

ಮಾತಿನ ಮಧ್ಯೆ ಇನ್ನೊಂದು ಸಂಗತಿ ಹೊರಗೆ ಬಂತು. ಹಳೇ ಫೋನಿನ ಬ್ಯಾಟರಿ ಉಬ್ಬಿ, ಹಿಂದಿನ ಮುಚ್ಚಳ ಎದ್ದು ಬಂದಿದೆಯಂತೆ. ರಬ್ಬರ್ ಬ್ಯಾಂಡ್ ಹಾಕಿ, ರಾತ್ರಿ ಮಂಚದ ಪಕ್ಕವೇ ಚಾರ್ಜಿಗೆ ಇಡ್ತಿದ್ದಳು! ಹೊಸ ಫೋನಿನ ದೂರು ಓದ್ತಾ ಕಳೆದ ಆ ಮೂರು ವಾರವೂ ಅದೇ ಫೋನು. ಯಾರ ದೂರಿನಲ್ಲೂ ಇಲ್ಲದ ಅಪಾಯ ಅವಳ ದಿಂಬಿನ ಹತ್ತಿರವೇ ಇತ್ತು. ಕಾಯೋದಕ್ಕೂ ಒಂದು ಬೆಲೆ ಇರತ್ತೆ, ಅದು ಯಾವ ಪಟ್ಟಿಯಲ್ಲೂ ಕಾಣಲ್ಲ. ಅದನ್ನ ಇನ್ನು ಚಾರ್ಜಿಗೆ ಹಾಕಲೇಬೇಡ, ಚುಚ್ಚಬೇಡ, ಒತ್ತಬೇಡ, ಆಫ್ ಮಾಡಿ ಮನೆಯ ಸಾಮಾನಿನಿಂದ ದೂರ ಇಡು, ಸಿಮ್ ತೆಗೆದು ಭಾವನ ಫೋನಿಗೆ ಹಾಕು ಅಂದೆ. ಪುಣ್ಯಕ್ಕೆ ಭಾವ ಅದೇ ರಾತ್ರಿ ಮಾಡಿದರು.

ವಾರದೊಳಗೆ ಫೋನ್ ಬಂತು. ಅವಳು ನೋಡಿಟ್ಟಿದ್ದ ಹೊಚ್ಚ ಹೊಸ ಮಾಡೆಲ್ ಬಿಟ್ಟು, ಅದೇ ಕಂಪನಿಯ ಹತ್ತು ತಿಂಗಳ ಹಿಂದಿನ ಮಾಡೆಲ್. ಹತ್ತು ತಿಂಗಳಲ್ಲಿ ಹೊರಗೆ ಬರಬೇಕಾದ ತೊಂದರೆಗಳಲ್ಲಿ ಬಹಳಷ್ಟು ಬಂದಿದ್ದವು, ಅಪ್‌ಡೇಟಿನಲ್ಲಿ ಕೆಲವು ಹೋಗಿದ್ದವು, ಬೆಲೆಯೂ ಸ್ವಲ್ಪ ಇಳಿದಿತ್ತು. ಆನ್‌ಲೈನಿಗಿಂತ ಐನೂರು ರೂಪಾಯಿ ಜಾಸ್ತಿ ಕೊಟ್ಟು ತೀರ್ಥಹಳ್ಳಿಯ ಅಂಗಡಿಯಲ್ಲೇ ತಗೊಂಡಳು. ಕೆಟ್ಟರೆ ಶಿವಮೊಗ್ಗಕ್ಕೆ ಕಳಿಸಿ ತರಿಸೋ ಜವಾಬ್ದಾರಿ ನಂದು ಅಂತ ಅಂಗಡಿಯವರು ಬಿಲ್ಲಿನ ಹಿಂದೆ ಬರೆದುಕೊಟ್ಟಿದಾರೆ. ನಾನು ಸೇರಿಸಿದ್ದು ಇಷ್ಟೇ: ಬಿಲ್ ಜೋಪಾನ, ಯಾರೂ ಕೇಳದಿದ್ರೆ ಗ್ರಾಹಕರ ಸಹಾಯವಾಣಿ 1915. ಅಲ್ಲೂ ಆಗದಿದ್ರೆ, 2019ರ ಕಾಯ್ದೆ ಪ್ರಕಾರ ಕೊಂಡವರು ಇರೋ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷದ ತನಕದ ವಸ್ತುವಿಗೆ ಶುಲ್ಕವೂ ಇಲ್ಲ.

ಕಳೆದ ವಾರ ವಿಚಾರಿಸಿದೆ, ಹೇಗಿದೆ ಅಂತ. "ಸಂಜೆ ಹೊತ್ತು ಫೋಟೋ ಸ್ವಲ್ಪ ಮಸುಕು ಬರತ್ತೆ" ಅಂದಳು. "ಆದ್ರೆ ಅದನ್ನ ಮೊದಲೇ ಓದಿದ್ನಲ್ಲ, ಅಮ್ಮನ ಚೀಟಿ ಬೆಳಿಗ್ಗೇನೇ ತೆಗೀತೀನಿ."